ಟ್ಯಾಂಕಿನ ಮುಚ್ಚಳ ಹುಡುಕುತ್ತಾ ಎಚ್‌ಎಎಲ್ ಅಂಗಳದಲ್ಲಿ

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಬರುವವರು ಸಾಮಾನ್ಯವಾಗಿ ಮಕ್ಕಳನ್ನು ವಿಮಾನದ ಮೂತಿಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ತುಸು ಆಸಕ್ತಿಯಿದ್ದವರು ಫಲಕ ಓದಿ, ಎಷ್ಟು ವೇಗ, ಎಷ್ಟು ಬಾಂಬು ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಸೋದರಮಾವ ಮಾತ್ರ ಟ್ಯಾಂಕಿನ ಮುಚ್ಚಳ ಎಲ್ಲಿದೆಯೆಂದು ಹುಡುಕುತ್ತಾರೆ. ತೈಲ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದು, ಈ ಗೋಡೆಯಾಚೆಯ ರನ್‌ವೇ ಪಕ್ಕದಲ್ಲಿ ಬೌಸರ್ ಓಡಿಸಿ ವಿಮಾನಗಳಿಗೆ ಇಂಧನ ತುಂಬಿಸಿದ ಕೈ ಅದು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ಮೇಲೂ ಅವರ ಕಣ್ಣಿನ ಅಭ್ಯಾಸ ಬದಲಾಗಿಲ್ಲ.

ಈ ಸಂಗ್ರಹಾಲಯ 2001ರಿಂದ ಇದೆ. ಒಳಗೆ ಎರಡು ಸಭಾಂಗಣ, ಹೊರಗೆ ಮರಗಳ ನಡುವೆ ವಿಮಾನಗಳು. ವಿಮಾನವೊಂದು ಏನು ಕುಡಿದು ಹಾರುತ್ತದೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಅನುಕೂಲದ ಜಾಗ ಬೆಂಗಳೂರಿನಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅನಿಸಿಕೆ. ಪೆಟ್ರೋಲ್ ಕುಡಿದದ್ದು, ಸೀಮೆಎಣ್ಣೆ ಕುಡಿದದ್ದು, ಹಡಗಿನಲ್ಲಿ ಬದುಕಿದ್ದು, ಪೈಲಟ್ಟೇ ಇಲ್ಲದೆ ಹಾರಿದ್ದು, ಎಲ್ಲವೂ ಇಲ್ಲಿ ಕೂಗಳತೆಯಲ್ಲಿ ನಿಂತಿವೆ. ಫಲಕಗಳಲ್ಲಿ ಮಾತ್ರ ಇಂಧನದ ಸುದ್ದಿ ಕಡಿಮೆ. ಅದನ್ನು ಹೇಳಲು ಮಾವ ಇದ್ದರು.

ಮೊದಲು ಎಚ್‌ಟಿ-2ರ ಹತ್ತಿರ ಹೋದೆವು. ವಿ.ಎಂ. ಘಾಟಗೆ ಅವರ ತಂಡ ಇಲ್ಲೇ ರೂಪಿಸಿದ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ತರಬೇತಿ ವಿಮಾನ. ಮುಂದೆ ಒಂದು ಪ್ರೊಪೆಲ್ಲರ್, ಒಂದರ ಹಿಂದೊಂದು ಎರಡು ಸೀಟು, ಒಳಗೆ 155 ಅಶ್ವಶಕ್ತಿಯ ಸಿರ್ರಸ್ ಮೇಜರ್ ಎಂಜಿನ್. ಇವತ್ತಿನ ಒಳ್ಳೆಯ ಕಾರಿಗೂ ಅಷ್ಟು ಶಕ್ತಿ ಇರುತ್ತದೆ. ಎಂಜಿನ್ನಿನ ಜಾತಿಯೂ ಕಾರಿನದೇ: ಸಿಲಿಂಡರು, ಪಿಸ್ಟನ್ನು, ಸ್ಪಾರ್ಕ್ ಪ್ಲಗ್ಗು. ಹಾಗಾಗಿ ಇದಕ್ಕೆ ಬೇಕಾದದ್ದು ಪೆಟ್ರೋಲ್. ಪೆಟ್ರೋಲ್ ಬಂಕಿನದನ್ನೇ ಹಾಕಿದರೆ ಆಗದೇ ಎಂದು ನಾನು ಕೇಳಿದೆ.

"ಆಗತ್ತೆ, ಆಗಲ್ಲ. ಎಂಜಿನ್ನು ಯಾವುದು ಅನ್ನೋದರ ಮೇಲಮ್ಮ" ಎಂದರು ಮಾವ.

ಪಿಸ್ಟನ್ ಎಂಜಿನ್ನಿನ ಕಷ್ಟವೆಲ್ಲ ಸಮಯಪಾಲನೆಯದು. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ; ತಕ್ಕ ಕ್ಷಣಕ್ಕೆ ಪ್ಲಗ್ಗು ಕಿಡಿ ಹಾರಿಸುತ್ತದೆ; ಜ್ವಾಲೆ ಒಂದು ಕಡೆಯಿಂದ ಹಬ್ಬಿ ಪಿಸ್ಟನ್ನನ್ನು ತಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಹೆಚ್ಚು ಶಕ್ತಿ. ಆದರೆ ಒತ್ತಿದಂತೆ ಮಿಶ್ರಣ ಕಾಯುತ್ತದೆ, ಒಂದು ಹಂತ ದಾಟಿದರೆ ಜ್ವಾಲೆ ಬಂದು ಮುಟ್ಟುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಕಾರಿನಲ್ಲಿ ಟಣಟಣ ಸದ್ದು ಕೇಳಿದರೆ ಗೇರ್ ಬದಲಿಸುತ್ತೇವೆ. ವಿಮಾನದ ಎಂಜಿನ್ನು ಟೇಕಾಫ್‌ನಲ್ಲಿ ಪೂರ್ತಿ ಶಕ್ತಿಯಲ್ಲಿ ಓಡುವಾಗ, ಆ ಸದ್ದು ಪ್ರೊಪೆಲ್ಲರಿನ ಗದ್ದಲದಲ್ಲಿ ಕೇಳುವುದೂ ಇಲ್ಲ, ಪಿಸ್ಟನ್ ತೂತಾಗಲು ಹೆಚ್ಚು ಹೊತ್ತು ಬೇಕಾಗುವುದೂ ಇಲ್ಲ. ಹೀಗೆ ಸಿಡಿಯದೆ ತಡೆದುಕೊಳ್ಳುವ ಗುಣಕ್ಕೇ ಆಕ್ಟೇನ್ ಅಂಕ ಕೊಡುವುದು.

ಆಕ್ಟೇನ್ ಏರಿಸುವ ಅಗ್ಗದ ಉಪಾಯವನ್ನು ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಥಾಮಸ್ ಮಿಜ್ಲಿ 1921ರ ಡಿಸೆಂಬರ್‌ನಲ್ಲಿ ಕಂಡುಹಿಡಿದ. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ, ಚೂರೇ ಚೂರು ಬೆರೆಸಿದರೆ ಸಾಕು. 1930ರ ದಶಕದಲ್ಲಿ ಶೆಲ್ ಕಂಪನಿಯಲ್ಲಿದ್ದ ಹೆಸರಾಂತ ಪೈಲಟ್ ಜಿಮ್ಮಿ ಡೂಲಿಟಲ್, ಕೊಳ್ಳುವವರೇ ಇಲ್ಲದ ಕಾಲದಲ್ಲಿ 100 ಆಕ್ಟೇನ್ ಪೆಟ್ರೋಲ್ ತಯಾರಿಸುವಂತೆ ಕಂಪನಿಯ ಬೆನ್ನು ಬಿದ್ದಿದ್ದ. 1940ರಲ್ಲಿ ಬ್ರಿಟನ್ನಿನ ಮೇಲೆ ಜರ್ಮನರ ವಿಮಾನ ದಾಳಿ ನಡೆದಾಗ ಸ್ಪಿಟ್‌ಫೈರ್, ಹರಿಕೇನ್‌ಗಳ ಅವೇ ಮರ್ಲಿನ್ ಎಂಜಿನ್‌ಗಳು, 87 ಆಕ್ಟೇನ್ ಬಿಟ್ಟು 100 ಆಕ್ಟೇನ್ ಕುಡಿದು, ಸಿಲಿಂಡರಿಗೆ ಹೆಚ್ಚು ಗಾಳಿ ತುರುಕಲು ಸಾಧ್ಯವಾಗಿ ಹೊಸ ಕಸುವು ತೋರಿಸಿದವು. ಎಂಜಿನ್ ಕಾರ್ಖಾನೆಯಷ್ಟೇ ತೈಲ ಸಂಸ್ಕರಣಾಗಾರವೂ ಯುದ್ಧದಲ್ಲಿ ಪಾಲುದಾರ ಆಯಿತು.

ಆ ಯುದ್ಧ ಎಚ್‌ಎಎಲ್ ಬಾಗಿಲಿಗೂ ಬಂದಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನೊಡನೆ 1940ರ ಡಿಸೆಂಬರ್‌ನಲ್ಲಿ ತೆರೆದ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಅಮೆರಿಕದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ದುರಸ್ತಿಗೆಂದು ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಅವೂ ಪೆಟ್ರೋಲ್ ಕುಡಿಯುವವೇ. ಅಷ್ಟೊಂದು ಪೆಟ್ರೋಲ್ ವಿಮಾನಗಳನ್ನು ಕಂಡ ಕೆರೆ, 2015ರ ನಂತರ ನಮ್ಮ ಊರಿನ ಚರಂಡಿ ನೀರಿನಿಂದಲೇ ಹೊತ್ತಿ ಉರಿದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ವಿಮಾನದ ಪೆಟ್ರೋಲಿಗೆ ಏವ್‌ಗ್ಯಾಸ್ ಎನ್ನುತ್ತಾರೆ. ದರ್ಜೆ ತಪ್ಪಬಾರದೆಂದು ಅದಕ್ಕೆ ಬಣ್ಣ ಹಾಕುವ ಪದ್ಧತಿ ಬಂತು: 80 ದರ್ಜೆಗೆ ಕೆಂಪು, 100ಕ್ಕೆ ಹಸಿರು, ದೊಡ್ಡ ಪಿಸ್ಟನ್ ಎಂಜಿನ್‌ಗಳ 115ಕ್ಕೆ ನೇರಳೆ. ಇಂದು ಜಗತ್ತಿನಲ್ಲಿ ಹೆಚ್ಚಾಗಿ ಉಳಿದಿರುವುದು 100 ಎಲ್‌ಎಲ್ ಎಂಬ ತಿಳಿ ನೀಲಿ ಬಣ್ಣದ್ದು. ಎಲ್‌ಎಲ್ ಎಂದರೆ ಕಡಿಮೆ ಸೀಸದ್ದೆಂದು ಅರ್ಥ. ಆದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಲು ಅವಕಾಶವಿದೆ. ಸ್ವಲ್ಪ ಮುಂದೆ ನಿಂತಿರುವ 'ಬಸಂತ್' ಕೂಡ ಇದೇ ಪಂಗಡ. 1972ರಲ್ಲಿ ಮೊದಲು ಹಾರಿದ, ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ; ಎಂಟು ಸಿಲಿಂಡರಿನ, 400 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನು. ಇವತ್ತು ಜಕ್ಕೂರಿನಲ್ಲೋ ಮೈಸೂರಿನಲ್ಲೋ ಸೆಸ್ನಾ 172 ನೋಡಿದರೆ ಅದರ ರೆಕ್ಕೆಯಲ್ಲಿರುವುದೂ ಈ ನೀಲಿ ಪೆಟ್ರೋಲೇ.

ನಮ್ಮ ಬಂಕ್‌ಗಳಿಂದ ಸೀಸದ ಪೆಟ್ರೋಲ್ 2000ದಲ್ಲೇ ಹೊರಟುಹೋಯಿತು. ವಿಮಾನದ ಪೆಟ್ರೋಲಿನಲ್ಲಿ ಅದು ಇನ್ನೂ ಉಳಿದಿರುವುದಕ್ಕೆ ಕಾರಣ ಸೋಮಾರಿತನವಷ್ಟೇ ಎನ್ನುವಂತಿಲ್ಲ. ಹಳೆಯ ಎಂಜಿನ್‌ಗಳಿಗೆ ಪ್ರಮಾಣಪತ್ರ ಸಿಕ್ಕಿರುವುದೇ ಆ ಇಂಧನದ ಮೇಲೆ. ಬದಲಿಸಬೇಕಾದರೆ ಪ್ರತಿಯೊಂದು ಮಾದರಿಯೂ ಹೊಸದರಲ್ಲಿ ಸುರಕ್ಷಿತ ಎಂದು ಸಾಬೀತಾಗಬೇಕು. 2022ರ ಸೆಪ್ಟೆಂಬರ್‌ನಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಅಮೆರಿಕದ ವಿಮಾನಯಾನ ಆಡಳಿತ, ಸೀಸವಿಲ್ಲದ ಜಿ100ಯುಎಲ್ ಎಂಬ 100 ಆಕ್ಟೇನ್ ಪೆಟ್ರೋಲನ್ನು ಕಿಡಿಯಿಂದ ಉರಿಯುವ ಪಿಸ್ಟನ್ ಎಂಜಿನ್‌ಗಳಿಗೆ ಬಳಸಲು ಒಪ್ಪಿಗೆ ಕೊಟ್ಟಿತು. ಅದೇ ತಿಂಗಳು ಇಂಡಿಯನ್ ಆಯಿಲ್, ಅಲ್ಲಿಯವರೆಗೆ ಹೊರಗಿನಿಂದ ತರಿಸುತ್ತಿದ್ದ 100 ಎಲ್‌ಎಲ್ ಅನ್ನು ವಡೋದರದ ಸಂಸ್ಕರಣಾಗಾರದಲ್ಲಿ ತಯಾರಿಸಿ ಹಿಂಡನ್ ವಾಯುನೆಲೆಯಲ್ಲಿ ಬಿಡುಗಡೆ ಮಾಡಿತು. ತರಬೇತಿ ಶಾಲೆಗಳಿಗೆ ಅದು ದೊಡ್ಡ ಉಪಕಾರ, ನಿಜ. ಆದರೆ ಅಮೆರಿಕ 2030ರೊಳಗೆ ಬಿಡಬೇಕೆಂದು ಗುರಿ ಹಾಕಿಕೊಂಡಿರುವ ಸೀಸಕ್ಕೆ ನಾವು ಈಗಷ್ಟೇ ಸ್ವಾವಲಂಬಿಗಳಾಗಿದ್ದೇವೆ. ಜಕ್ಕೂರಿನ ರನ್‌ವೇ ಸುತ್ತ ಎದ್ದಿರುವ ಅಪಾರ್ಟ್‌ಮೆಂಟ್‌ಗಳನ್ನು ನೋಡಿದಾಗ ಈ ಲೆಕ್ಕ ನನಗೆ ಅಷ್ಟು ಸಮಾಧಾನ ಕೊಡುವುದಿಲ್ಲ.

ಇನ್ನು ಮಾವ ಹೇಳಿದ "ಆಗತ್ತೆ" ಎಂಬುದರ ಕತೆ. ಎರಡು ಸೀಟಿನ ಮೈಕ್ರೊಲೈಟ್‌ಗಳಲ್ಲಿ ಕೂರಿಸುವ ರೋಟ್ಯಾಕ್ಸ್ 912ರಂಥ ಎಂಜಿನ್‌ಗಳು ಕಾರಿನ ಪೆಟ್ರೋಲಿನಲ್ಲೂ ಓಡುತ್ತವೆ. ಇನ್ನೊಂದು ತುದಿಯಲ್ಲಿ, ಡೈಮಂಡ್ ಡಿಎ-42ರಂಥ ತರಬೇತಿ ವಿಮಾನಗಳಿವೆ. ಅವಕ್ಕೆ ಪಿಸ್ಟನ್ ಇದ್ದರೂ ಪ್ಲಗ್ ಇಲ್ಲ, ಡೀಸೆಲ್ ಎಂಜಿನ್ನಿನ ರೀತಿ. ಅವು ಕುಡಿಯುವುದು ಜೆಟ್ ವಿಮಾನದ ಸೀಮೆಎಣ್ಣೆಯನ್ನೇ. ಹಾಗಾಗಿ ಪ್ರೊಪೆಲ್ಲರ್ ನೋಡಿ ಇಂಧನ ಊಹಿಸಬೇಡಿ. ಎಟಿಆರ್ ವಿಮಾನಕ್ಕೂ ಪ್ರೊಪೆಲ್ಲರ್ ಇದೆ, ಅದನ್ನು ತಿರುಗಿಸುವುದು ಟರ್ಬೈನು, ಅದಕ್ಕೂ ಸೀಮೆಎಣ್ಣೆಯೇ.

ಎಂಜಿನ್‌ಗಳ ಸಭಾಂಗಣಕ್ಕೆ ಬಂದರೆ ಈ ಭೇದ ಕಣ್ಣಿಗೆ ಕಾಣುತ್ತದೆ. ಹೊಟ್ಟೆ ಸೀಳಿ ಒಳಗಿನ ಅಂಗಗಳನ್ನು ತೋರಿಸಿರುವ ಮಾದರಿಗಳು ಇಲ್ಲಿವೆ. ಜೆಟ್ ಎಂಜಿನ್ನಿನಲ್ಲಿ ಒತ್ತುವುದು ಒಂದು ಕಡೆ, ಉರಿಯುವುದು ಇನ್ನೊಂದು ಕಡೆ. ಮುಂದಿನ ಅಲಗುಗಳು ಗಾಳಿಯನ್ನು ಅದುಮಿ ಹಿಂದಕ್ಕೆ ಕಳಿಸುತ್ತವೆ, ನಡುವಿನ ಕೋಣೆಯಲ್ಲಿ ಇಂಧನ ಸೂಕ್ಷ್ಮ ಹನಿಗಳಾಗಿ ಚಿಮ್ಮಿ ಉರಿಯುತ್ತದೆ, ಬಿಸಿ ಅನಿಲ ಹಿಂದಿನ ಟರ್ಬೈನನ್ನು ತಿರುಗಿಸಿಕೊಂಡು ಹೊರಗೆ ನುಗ್ಗುತ್ತದೆ. ಕಿಡಿ ಬೇಕಾದದ್ದು ಮುಖ್ಯವಾಗಿ ಹೊತ್ತಿಸುವಾಗ. ಆಮೇಲೆ ಅದು ಪಂಪ್ ಸ್ಟವ್‌ನಂತೆ ಬುಸುಗುಟ್ಟುತ್ತಾ ಒಂದೇ ಸಮ ಉರಿಯುತ್ತದೆ. ಪ್ರತಿ ಸುತ್ತಿಗೂ ಸಮಯ ನೋಡಿ ಸಿಡಿಸಬೇಕಾದ ಕಾಟವೇ ಇಲ್ಲ. ನಾಕಿಂಗ್ ಇಲ್ಲ, ಆಕ್ಟೇನ್ ಬೇಕಿಲ್ಲ, ಸೀಸವೂ ಬೇಕಿಲ್ಲ.

ನನಗೆ ಈ ಅಂಗಳದಲ್ಲಿ ಎಲ್ಲಕ್ಕಿಂತ ರುಚಿಸಿದ ಸಂಗತಿ ಇದು. ಬಡಪಾಯಿ ಎಚ್‌ಟಿ-2ಕ್ಕೆ ಆರಿಸಿ, ಅಳೆದು, ಬಣ್ಣ ಹಾಕಿದ ದುಬಾರಿ ಪೆಟ್ರೋಲ್ ಬೇಕು. ಶಬ್ದದ ವೇಗ ಮೀರುವ ಮಿಗ್‌ಗೆ, ಮುನ್ನೂರು ಜನ ಹೊತ್ತು ಸಾಗರ ದಾಟುವ ಬೋಯಿಂಗ್‌ಗೆ, ರೇಷನ್ ಅಂಗಡಿಯಲ್ಲಿ ಕ್ಯಾನ್ ಹಿಡಿದು ನಿಂತು ತಂದ ಸೀಮೆಎಣ್ಣೆಯ ಹತ್ತಿರದ ಸಂಬಂಧಿ ಸಾಕು. ಸಂಬಂಧಿ ಎಂದೆ, ಅದೇ ಎನ್ನಲಿಲ್ಲ. ಎಟಿಎಫ್ ಎಂದು ನಮ್ಮವರು ಕರೆಯುವ ಈ ಇಂಧನವನ್ನು ಶುದ್ಧ ಮಾಡುವ, ಪರೀಕ್ಷಿಸುವ ಕಟ್ಟುನಿಟ್ಟೇ ಬೇರೆ.

ಸೀಮೆಎಣ್ಣೆಯನ್ನೇ ಯಾಕೆ ಆರಿಸಿಕೊಂಡರು? ಪೆಟ್ರೋಲ್ ಬಹಳ ಬೇಗ ಆವಿಯಾಗುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದಂತೆ ಟ್ಯಾಂಕಿನಲ್ಲೇ ಗುಳ್ಳೆಯೇಳುವ ಅಪಾಯ, ನೆಲದಲ್ಲಿ ಚೆಲ್ಲಿದರೆ ಬೆಂಕಿಯ ಭಯ. ಅಂತರರಾಷ್ಟ್ರೀಯ ವಿಮಾನಗಳ ಜೆಟ್ ಎ-1 ಇಂಧನದ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಿರುವಾಗ ಮೇಲೆ ಹೊತ್ತಿಕೊಳ್ಳುವಷ್ಟು ಆವಿ ಇರುವುದಿಲ್ಲ. ಪೆಟ್ರೋಲ್ ಹಿಮಗಟ್ಟುವ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಇನ್ನೊಂದು ಕಾರಣ ಜಾಗದ್ದು. ಕೆ.ಜಿ. ಲೆಕ್ಕದಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ, ಆದರೆ ಸೀಮೆಎಣ್ಣೆ ದಪ್ಪ. ಲೀಟರಿಗೆ ಸುಮಾರು 0.8 ಕೆ.ಜಿ. ತೂಗುತ್ತದೆ, ಏವ್‌ಗ್ಯಾಸ್ ಸುಮಾರು 0.72. ಅಷ್ಟೇ ಅಗಲದ ಟ್ಯಾಂಕಿನಲ್ಲಿ ಹೆಚ್ಚು ದೂರ ಹೋಗಬಹುದು.

ಈ ಜಾಗದ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಹೊರಗಡೆ ಪುಟಾಣಿ 'ಅಜೀತ್' ಇದೆ. ಬ್ರಿಟನ್ನಿನ ನ್ಯಾಟ್ ಯುದ್ಧವಿಮಾನವನ್ನು ಎಚ್‌ಎಎಲ್ ತಿದ್ದಿ ಮಾಡಿದ್ದು. ನ್ಯಾಟ್‌ಗೆ ಹೆಚ್ಚು ಹೊತ್ತು ಹಾರಬೇಕಾದರೆ ರೆಕ್ಕೆಯ ಕೆಳಗೆ ಇಂಧನದ ಟ್ಯಾಂಕ್ ತೂಗುಹಾಕಬೇಕಿತ್ತು. ಟ್ಯಾಂಕು ತೂಗಿದರೆ ಬಾಂಬಿಗೆ ಜಾಗವಿಲ್ಲ. ಅಜೀತ್‌ನಲ್ಲಿ ರೆಕ್ಕೆಯ ಟೊಳ್ಳನ್ನೇ ಟ್ಯಾಂಕಾಗಿ ಮಾಡಿದರು. ಕೆಳಗಿನ ಕೊಕ್ಕೆಗಳು ಆಯುಧಗಳಿಗೆ ಖಾಲಿಯಾದವು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲೂ ಇಂಧನ ಇರುವುದು ಹೆಚ್ಚಾಗಿ ರೆಕ್ಕೆಯೊಳಗೇ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಒಳಗಿನ ಇಂಧನದ ಭಾರ ಅದನ್ನು ಕೆಳಕ್ಕೆ ಹಿಡಿದು ಬುಡದ ಮೇಲಿನ ಒತ್ತಡ ತಗ್ಗಿಸುತ್ತದೆ. ಏರ್‌ಬಸ್ ಎ320ರಲ್ಲಿ ಸುಮಾರು 24,000 ಲೀಟರ್ ಹಿಡಿಯುತ್ತದೆ. ಸೆಸ್ನಾ 172ರಲ್ಲಿ ಇನ್ನೂರು ಚಿಲ್ಲರೆ.

ರೆಕ್ಕೆಯಲ್ಲಿಟ್ಟರೆ ಚಳಿಯ ಸಮಸ್ಯೆ. 35,000 ಅಡಿ ಎತ್ತರದಲ್ಲಿ ಹೊರಗೆ ಮೈನಸ್ 50 ಡಿಗ್ರಿಯ ಆಸುಪಾಸು. ಗಂಟೆಗಟ್ಟಲೆ ಹಾರಿದರೆ ಇಂಧನವೂ ತಣಿಯುತ್ತಾ ಹೋಗಿ ಅದರಲ್ಲಿನ ಮೇಣದಂಥ ಅಂಶ ಹರಳುಗಟ್ಟಲು ಶುರುವಾಗುತ್ತದೆ. ಅದಕ್ಕೇ ಜೆಟ್ ಎ-1 ಮೈನಸ್ 47ರವರೆಗೆ ಹರಳುಗಟ್ಟಬಾರದೆಂಬ ಷರತ್ತು. ಅಮೆರಿಕದೊಳಗೆ ಹೆಚ್ಚಾಗಿ ಬಳಸುವ ಜೆಟ್ ಎ ಇಂಧನಕ್ಕೆ ಮೈನಸ್ 40 ಸಾಕು. ರಷ್ಯದ ಟಿಎಸ್-1 ಇನ್ನೂ ತೆಳು, ಹೆಚ್ಚು ಚಳಿ ತಡೆಯುತ್ತದೆ, ಆದರೆ 28 ಡಿಗ್ರಿಗೇ ಫ್ಲ್ಯಾಶ್ ಆಗುತ್ತದೆ. ಕೆನಡಾದ ಉತ್ತರ ತುದಿಯಂಥ ಕಡೆ ಪೆಟ್ರೋಲಿನ ಜಾತಿಯ ನ್ಯಾಫ್ತಾ ಬೆರೆಸಿದ ಜೆಟ್ ಬಿ ಕೊಡುತ್ತಿದ್ದರು. ಚಳಿಯಲ್ಲಿ ಎಂಜಿನ್ ಸುಲಭವಾಗಿ ಹೊತ್ತಲಿ ಎಂದು. ಬೆಂಕಿಯ ಭಯ ಒಪ್ಪಿಕೊಂಡೇ ಆ ಅನುಕೂಲ. ಅಮೆರಿಕದ ವಾಯುಪಡೆ ಕೂಡ ದಶಕಗಳ ಕಾಲ ಇದೇ ಬಗೆಯ ಜೆಪಿ-4 ಬಳಸಿ, ಕೊನೆಗೆ 1996ರ ಹೊತ್ತಿಗೆ ಪೂರ್ತಿ ಜೆಪಿ-8ಕ್ಕೆ ಬದಲಾಯಿತು. ಜೆಪಿ-8 ಎಂದರೆ ಜೆಟ್ ಎ-1ಕ್ಕೆ ಮಂಜುಗಟ್ಟದಂತೆ, ತುಕ್ಕು ಹಿಡಿಯದಂತೆ, ಸ್ಥಾಯಿ ವಿದ್ಯುತ್ ಕೂಡದಂತೆ ಮೂರು ಮದ್ದು ಸೇರಿಸಿದ್ದು.

ಹಡಗಿನ ಮಾತು ಬಂದದ್ದು ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಮುಂದೆ. ಹೆಲಿಕಾಪ್ಟರ್‌ಗೂ ಟರ್ಬೈನೇ, ಎಣ್ಣೆಯೂ ಅದೇ ಕುಲದ್ದು. ಆದರೆ ವಿಮಾನವಾಹಕ ಹಡಗೊಂದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಲೀಟರ್ ಇಂಧನ, ಪಕ್ಕದಲ್ಲೇ ಮದ್ದುಗುಂಡು, ಮೇಲೆ ಮಲಗುವ ಜನ. ಅಲ್ಲಿ 38 ಡಿಗ್ರಿಯ ಭರವಸೆ ಸಾಲದು. ಅಮೆರಿಕದ ನೌಕಾಪಡೆಯ ಜೆಪಿ-5 ಇಂಧನಕ್ಕೆ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 60 ಡಿಗ್ರಿ ಇಟ್ಟಿರುವುದು ಇದಕ್ಕೇ.

ಮಿಗ್-21ರ ಬಳಿ ಹೆಚ್ಚು ಜನ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಇದನ್ನು ಬೀಳ್ಕೊಟ್ಟಿತು. ಮೂತಿಯಿಂದ ಬಾಲದವರೆಗೆ ಒಂದು ಎಂಜಿನ್ನಿನ ಸುತ್ತ ಹೊದಿಸಿದ ತಗಡು, ಉಳಿದ ಸಂದಿಯಲ್ಲಿ ಇಂಧನ. ಆಫ್ಟರ್‌ಬರ್ನರ್ ಹೊತ್ತಿಸಿದರೆ, ಎಂಜಿನ್ ದಾಟಿ ಹೊರಟ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸಿದ ಹಾಗೆ. ನೂಕುಬಲ ಜಿಗಿಯುತ್ತದೆ, ಟ್ಯಾಂಕು ಕಣ್ಣೆದುರೇ ಇಳಿಯುತ್ತದೆ. ಪಕ್ಕದ ಮರುತ್‌ಗೆ ಸಿಗದೇ ಹೋದದ್ದು ಅದೇ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿ ಕುಳಿತು ವಿನ್ಯಾಸ ಮಾಡಿದ, 1961ರ ಜೂನ್‌ನಲ್ಲಿ ಇದೇ ರನ್‌ವೇಯಿಂದ ಮೊದಲು ಹಾರಿದ ಈ ಸುಂದರ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಎರಡು ಆರ್ಫಿಯಸ್ ಎಂಜಿನ್ ಇಟ್ಟರೂ ಕಸುವು ಸಾಲದು. ಆಫ್ಟರ್‌ಬರ್ನರ್ ಸೇರಿಸಿದ ಮಾದರಿಯನ್ನು ಹಾರಿಸುವಾಗ 1970ರ ಜನವರಿಯಲ್ಲಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಇಲ್ಲಿಗೆ ಬರುವ ದಾರಿಯಲ್ಲಿ ನಾವೆಲ್ಲ ಟ್ರಾಫಿಕ್‌ಗೆ ಬೈದುಕೊಳ್ಳುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು.

ಇಲ್ಲಿ ಇಲ್ಲದ ವಿಮಾನವೊಂದನ್ನೂ ಹೇಳಿಬಿಡುತ್ತೇನೆ. ಶಬ್ದದ ಮೂರು ಪಟ್ಟು ವೇಗದ ಅಮೆರಿಕದ ಎಸ್‌ಆರ್-71ರ ಮೈ ಗಾಳಿಯ ಉಜ್ಜಾಟಕ್ಕೇ ಸುಡುತ್ತಿತ್ತು; ಸಾಮಾನ್ಯ ಎಣ್ಣೆ ತಡೆಯುತ್ತಿರಲಿಲ್ಲ. ಅದಕ್ಕೆಂದೇ ತಯಾರಿಸಿದ ಜೆಪಿ-7 ಹೊತ್ತಿಕೊಳ್ಳಲು ಎಷ್ಟು ಮೊಂಡು ಎಂದರೆ, ಗಾಳಿ ಸೋಕಿದರೆ ಉರಿಯುವ ಟ್ರೈಈಥೈಲ್ ಬೋರೇನ್ ಎಂಬ ರಾಸಾಯನಿಕ ಚಿಮ್ಮಿಸಿಯೇ ಎಂಜಿನ್ನು ಹೊತ್ತಿಸಬೇಕಿತ್ತು. ಉರಿಯುವ ಮೊದಲು ಆ ಇಂಧನವೇ ವಿಮಾನದ ಬಿಸಿಯಾದ ಭಾಗಗಳನ್ನು ತಣಿಸುತ್ತಾ ಸುತ್ತುತ್ತಿತ್ತು.

ಕ್ಯಾನ್‌ಬೆರಾ ಬಾಂಬರ್ ಹತ್ತಿರ ಮಾತ್ರ ಜನರಿರಲಿಲ್ಲ. ನನ್ನ ಮಟ್ಟಿಗೆ ಅಂಗಳದ ಕುತೂಹಲದ ವಿಮಾನ ಇದೇ. ಇದರ ಅಮೆರಿಕದ ಅವತಾರಕ್ಕೆ ಬಿ-57 ಎಂದು ಹೆಸರು. 1957ರ ಫೆಬ್ರುವರಿಯಲ್ಲಿ ಕ್ಲೀವ್‌ಲ್ಯಾಂಡ್‌ನ ಸಂಶೋಧಕರು ಅಂಥದೊಂದರ ರೆಕ್ಕೆಯ ತುದಿಗೆ ದ್ರವ ಜಲಜನಕದ ಟ್ಯಾಂಕ್ ಕಟ್ಟಿ, ಆಕಾಶದಲ್ಲಿ ಒಂದು ಎಂಜಿನ್ನನ್ನು ಎಣ್ಣೆಯಿಂದ ಜಲಜನಕಕ್ಕೆ ಬದಲಿಸಿ ಓಡಿಸಿದರು. ಜೆಟ್ ಎಂಜಿನ್ನಿಗೆ ಜಲಜನಕ ಅಪರಿಚಿತವೂ ಆಗಿರಲಿಲ್ಲ. 1937ರಲ್ಲಿ ಜರ್ಮನಿಯ ಹಾನ್ಸ್ ಫಾನ್ ಓಹೈನ್ ತನ್ನ ಮೊದಲ ಪ್ರಾಯೋಗಿಕ ಎಂಜಿನ್ ಓಡಿಸಿದ್ದು ಜಲಜನಕದಲ್ಲೇ. ಅದೇ ವರ್ಷ ಇಂಗ್ಲೆಂಡಿನಲ್ಲಿ ಫ್ರಾಂಕ್ ವಿಟಲ್ ಡೀಸೆಲ್‌ನಲ್ಲಿ ಓಡಿಸಿದ. 1988ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಟಿಯು-155 ಪ್ರಯಾಣಿಕ ವಿಮಾನದ ಮಾದರಿಯೂ ದ್ರವ ಜಲಜನಕದಲ್ಲಿ ಹಾರಿತು. ಹಾಗಾದರೆ ಎಲ್ಲ ವಿಮಾನಗಳೂ ಅದನ್ನೇ ಯಾಕೆ ಕುಡಿಯುವುದಿಲ್ಲ? ಕೆ.ಜಿ. ಲೆಕ್ಕದಲ್ಲಿ ಅದರ ಶಕ್ತಿ ಸೀಮೆಎಣ್ಣೆಯ ಸುಮಾರು ಮೂರು ಪಟ್ಟು. ಆದರೆ ಅದನ್ನು ಮೈನಸ್ 253 ಡಿಗ್ರಿಯಲ್ಲಿ ದ್ರವವಾಗಿ ಕಾಪಾಡಬೇಕು, ಹಾಗೆ ಕಾಪಾಡಿದರೂ ಅಷ್ಟೇ ಶಕ್ತಿಗೆ ನಾಲ್ಕು ಪಟ್ಟು ಜಾಗ ಬೇಕು. ಅಜೀತ್‌ನ ತೆಳು ರೆಕ್ಕೆಯಲ್ಲಿ ಹುಡುಕಿ ಹುಡುಕಿ ಜಾಗ ಮಾಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿಯದು ತದ್ವಿರುದ್ಧದ ತೊಂದರೆ, ತೂಕ. 2020ರಲ್ಲಿ ಯೂರೋಪಿನಲ್ಲಿ ಪ್ರಮಾಣಪತ್ರ ಪಡೆದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊ ಎರಡು ಸೀಟಿನದು, ಒಂದು ಗಂಟೆಯೊಳಗಿನ ಪಾಠಕ್ಕೆ ಅಡ್ಡಿಯಿಲ್ಲ.

ಬೆಂಚಿನ ಮೇಲೆ ಕೂತಾಗ ಮಾವ ತಮ್ಮ ಕೆಲಸದ ಮಾತಿಗೆ ಇಳಿದರು. ಎಂಜಿನ್ನಿನ ಕತೆ ಪುಸ್ತಕದಲ್ಲಿ ಸಿಗುತ್ತದೆ, ಇದು ಸಿಗುವುದಿಲ್ಲ. ಬೌಸರ್ ವಿಮಾನದ ಪಕ್ಕ ನಿಂತ ಕೂಡಲೇ ಮೊದಲು ಹಾಕುವುದು ತಂತಿ: ಬೌಸರ್‌ಗೂ ವಿಮಾನಕ್ಕೂ ಬಾಂಡಿಂಗ್. ಕೊಳವೆಯಲ್ಲಿ ಎಣ್ಣೆ ರಭಸವಾಗಿ ಹರಿದಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ, ಕಿಡಿಯಾಗುವ ಮೊದಲು ಎರಡನ್ನೂ ಸಮ ಮಾಡಬೇಕು. ಆಮೇಲೆ ಗಾಜಿನ ಜಾರಿನಲ್ಲಿ ಸ್ಯಾಂಪಲ್. ಎಟಿಎಫ್ ನೀರಿನಂತೆ ತಿಳಿಯಾಗಿ ಅಥವಾ ಒಣಹುಲ್ಲಿನ ತಿಳಿ ಹಳದಿಯಾಗಿ, ಮಿರುಗುವಂತೆ ಇರಬೇಕು. ತಳದಲ್ಲಿ ಕಸ, ನೀರು ಇರಬಾರದು. ಕಣ್ಣಿಗೆ ಕಾಣದ ನೀರಿಗೆ, ಸಿರಿಂಜಿನ ತುದಿಯ ಹಳದಿ ಕ್ಯಾಪ್ಸೂಲ್ ಇದೆ; ಎಣ್ಣೆ ಎಳೆದಾಗ ಹಸಿರಾದರೆ ತುಂಬಿಸುವುದು ನಿಂತಿತು.

"ನೀರು ಅಂದ್ರೆ ನಿನಗೆ ತಮಾಷೆ. ನಮಗೆ ಅದೇ ಕಳ್ಳ" ಎಂದರು.

ತಮಾಷೆಯಲ್ಲ ಎಂಬುದಕ್ಕೆ ಸಾಕ್ಷಿ ಇದೆ. 2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ಲಂಡನ್ನಿನ ಹೀಥ್ರೂ ರನ್‌ವೇ ತಲುಪುವ ಮೊದಲೇ ಹುಲ್ಲಿನ ಮೇಲೆ ಕುಸಿಯಿತು. ಇಂಧನದಲ್ಲಿ ಸದಾ ಇರುವ ಅಣುಮಾತ್ರ ನೀರು ದೀರ್ಘ ಚಳಿಯಲ್ಲಿ ಮಂಜಾಗಿ ಕೊಳವೆಯ ಗೋಡೆಗೆ ಅಂಟಿ, ಕೊನೆಯ ಗಳಿಗೆಯಲ್ಲಿ ಒಟ್ಟಿಗೆ ಕಳಚಿ ಹೋಗಿ ಎಂಜಿನ್ನಿನ ದಾರಿ ಕಟ್ಟಿತ್ತು. ಇಂಧನದಲ್ಲಿ ದೋಷವೇ ಇರಲಿಲ್ಲ, ನಿಯಮದ ಮಿತಿಯೊಳಗೇ ಇತ್ತು. ಒಳಗಿದ್ದ 152 ಮಂದಿಯೂ ಬದುಕಿದರು, ಎಂಜಿನ್ ತಯಾರಿಸಿದ್ದ ರೋಲ್ಸ್ ರಾಯ್ಸ್ ತನ್ನ ಆ ಭಾಗದ ವಿನ್ಯಾಸ ಬದಲಿಸಿಕೊಂಡಿತು. ನೀರು ತಳದಲ್ಲಿ ನಿಂತರೆ ಇನ್ನೊಂದು ಕಾಟ: ನೀರು ಮತ್ತು ಎಣ್ಣೆ ಸೇರುವ ಗೆರೆಯಲ್ಲಿ ಬೂಷ್ಟು ಬೆಳೆಯುತ್ತದೆ, ಸೀಮೆಎಣ್ಣೆ ತಿಂದು ಬದುಕುವ ಜಾತಿಯದು.

ಅದಕ್ಕಿಂತ ದೊಡ್ಡ ಭಯ ಒಂದರ ಟ್ಯಾಂಕಿಗೆ ಇನ್ನೊಂದನ್ನು ಹಾಕುವುದು. ಪಿಸ್ಟನ್ ವಿಮಾನಕ್ಕೆ ಎಟಿಎಫ್ ಹೋದರೆ, ಕೊಳವೆಯಲ್ಲಿ ಉಳಿದಿದ್ದ ಪೆಟ್ರೋಲಿನಿಂದ ಎಂಜಿನ್ ಹೊತ್ತುತ್ತದೆ, ವಿಮಾನ ಉರುಳುತ್ತದೆ, ಏರುತ್ತದೆ. ಸೀಮೆಎಣ್ಣೆ ಸಿಲಿಂಡರ್ ತಲುಪುವ ಹೊತ್ತಿಗೆ ಕೆಳಗೆ ರನ್‌ವೇ ಇರುವುದಿಲ್ಲ. ಅಮೆರಿಕದ ಸುಪ್ರಸಿದ್ಧ ಪೈಲಟ್ ಬಾಬ್ ಹೂವರ್‌ಗೆ ಹೀಗೇ ಆಯಿತು. ಎರಡೂ ಎಂಜಿನ್ ನಿಂತರೂ ಹೇಗೋ ಇಳಿಸಿ ಬದುಕಿದ. ಹಿಂದಿರುಗಿ ಬಂದು, ತಪ್ಪು ಮಾಡಿ ಕುಗ್ಗಿಹೋಗಿದ್ದ ಹುಡುಗನಿಗೆ, ನಾಳೆ ನನ್ನ ವಿಮಾನಕ್ಕೆ ನೀನೇ ಇಂಧನ ತುಂಬಿಸಬೇಕು ಎಂದನಂತೆ. ಎಟಿಎಫ್ ಕೊಳವೆಯ ಮೂತಿಯನ್ನು ಅಗಲ ಮಾಡಿ, ಪೆಟ್ರೋಲ್ ಟ್ಯಾಂಕಿನ ಬಾಯಿಗೆ ತೂರದಂತೆ ಮಾಡುವ ಪದ್ಧತಿಗೆ ಹೂವರ್ ಹೆಸರೇ ಅಂಟಿಕೊಂಡಿದೆ. ಏವ್‌ಗ್ಯಾಸ್‌ಗೆ ಕೆಂಪು ಪಟ್ಟಿ, ಜೆಟ್ ಇಂಧನಕ್ಕೆ ಕಪ್ಪು ಪಟ್ಟಿ ಅಂಟಿಸುವುದೂ ಇದಕ್ಕೇ. ಮಾವ ಮುಚ್ಚಳ ಹುಡುಕುವುದೂ ಬಹುಶಃ ಇದಕ್ಕೇ. ಮುಚ್ಚಳದ ಪಕ್ಕ ಏನು ಬರೆದಿದೆಯೋ ಅದನ್ನು ಓದದೆ ಅವರ ಕೈ ಮುಂದೆ ಹೋಗದು.

ಅಳತೆಯ ತಪ್ಪೂ ಸಣ್ಣದಲ್ಲ. ಎಂಜಿನ್ನಿಗೆ ಬೇಕಾದದ್ದು ತೂಕ. ಮೀಟರ್ ತೋರಿಸುವುದು ಲೀಟರ್. ಬಿಸಿಲೇರಿದರೆ ಅದೇ ಎಣ್ಣೆ ಹಿಗ್ಗಿ ಹೆಚ್ಚು ಲೀಟರ್ ಆಗುತ್ತದೆ. ಹಾಗಾಗಿ ಸಾಂದ್ರತೆ ನೋಡಿಯೇ ಲೆಕ್ಕ. 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767ಕ್ಕೆ 22,300 ಕೆ.ಜಿ. ಬೇಕಿತ್ತು. ಲೀಟರಿಗೆ 0.8 ಕೆ.ಜಿ. ಎಂದು ಗುಣಿಸುವ ಬದಲು 1.77 ಪೌಂಡ್ ಲೆಕ್ಕ ಹಿಡಿದರು, ಅರ್ಧಕ್ಕೂ ಕಡಿಮೆ ತುಂಬಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದ ವಿಮಾನದ ಎರಡೂ ಎಂಜಿನ್ ಒಂದರ ಹಿಂದೊಂದು ನಿಂತು, ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಗೆ ಪೈಲಟ್‌ಗಳು ತೇಲಿಸಿಕೊಂಡು ಬಂದು ಇಳಿಸಿದರು.

ಈಗ ದೇವನಹಳ್ಳಿಯಲ್ಲಿ ಬೌಸರ್‌ಗಳ ಓಡಾಟ ಕಡಿಮೆ. ಹೊಸಕೋಟೆ ಬದಿಯ ದೇವನಗೊಂದಿಯಿಂದ ನಿಲ್ದಾಣದವರೆಗೆ ಎಟಿಎಫ್‌ಗೆಂದೇ ಸುಮಾರು 36 ಕಿ.ಮೀ. ಕೊಳವೆ ಇದೆ, ನಿಲ್ದಾಣದ ನೆಲದಡಿಯಲ್ಲೂ ಕೊಳವೆಗಳ ಜಾಲ. ವಿಮಾನ ನಿಂತ ಜಾಗದಲ್ಲೇ ಗುಂಡಿಯ ಮುಚ್ಚಳ ತೆಗೆದು ಹೈಡ್ರಂಟ್‌ಗೆ ಪೈಪು ಜೋಡಿಸುತ್ತಾರೆ. ಹೊಸ ಹುಡುಗರ ಕೆಲಸ ಸುಲಭ ಎಂದು ಮಾವನ ದೂರು. ಹಳೆಯ ಏವ್ರೊ ವಿಮಾನಗಳ ಡಾರ್ಟ್ ಎಂಜಿನ್‌ಗೆ ಎಟಿಎಫ್ ಜೊತೆ ನೀರು-ಮೆಥನಾಲ್ ಮಿಶ್ರಣವನ್ನೂ ಬೇರೆ ಟ್ಯಾಂಕಿಗೆ ತುಂಬಬೇಕಿತ್ತು. ಬಿಸಿಲಿನ ದಿನ, ಎತ್ತರದ ಊರು, ಗಾಳಿ ತೆಳು. ಟೇಕಾಫ್ ಹೊತ್ತಿಗೆ ಆ ಮಿಶ್ರಣ ಚಿಮ್ಮಿಸಿದರೆ ಎಂಜಿನ್ನಿಗೆ ಕಳೆದುಕೊಂಡ ಕಸುವು ಮರಳುತ್ತಿತ್ತು. ಇಂಧನದಲ್ಲಿ ನೀರೆಂದರೆ ಕಳ್ಳ ಎನ್ನುವವರೇ ಅಳೆದು ನೀರು ಹಾಕುತ್ತಿದ್ದ ಕಾಲ.

ಹೊರಡುವ ಮುನ್ನ ತೇಜಸ್ ಮಾದರಿಯ ಹತ್ತಿರ ಹೊಸ ಇಂಧನದ ಮಾತು ತೆಗೆದೆ. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್ ವಿಮಾನವೊಂದು ಡೆಹ್ರಾಡೂನ್‌ನಿಂದ ದೆಹಲಿಗೆ ಕಾಡುಹರಳಿನ ಎಣ್ಣೆಯಿಂದ ತಯಾರಿಸಿದ ಇಂಧನ ಬೆರೆಸಿಕೊಂಡು ಹಾರಿತು. ತಯಾರಿಸಿದ್ದು ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. ಅದೇ ಡಿಸೆಂಬರ್‌ನಲ್ಲಿ ವಾಯುಪಡೆಯ ಎಎನ್-32 ಶೇ 10ರಷ್ಟು ಬೆರೆಸಿ ಹಾರಿತು, 2019ರ ಗಣರಾಜ್ಯೋತ್ಸವದ ಹಾರಾಟದಲ್ಲೂ ಕಾಣಿಸಿತು. ಕರಿದು ಉಳಿದ ಅಡುಗೆ ಎಣ್ಣೆಯಿಂದಲೂ ಈ ಇಂಧನ ಆಗುತ್ತದೆ. ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5 ಬೆರೆಸಬೇಕೆಂದು ಭಾರತ ಗುರಿ ಇಟ್ಟಿದೆ. ಸದ್ಯ ಜಗತ್ತಿನಲ್ಲಿ ಶೇ 50ಕ್ಕಿಂತ ಹೆಚ್ಚು ಬೆರೆಸಲು ಅನುಮತಿಯಿಲ್ಲ. ಅದಕ್ಕೊಂದು ಕಾರಣ ತೀರಾ ಲೌಕಿಕದ್ದು: ಸೀಮೆಎಣ್ಣೆಯಲ್ಲಿರುವ ಆರೋಮ್ಯಾಟಿಕ್ ಅಂಶ ಟ್ಯಾಂಕಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಬಿಗಿಯಾಗಿಡುತ್ತದೆ, ಹೊಸ ಎಣ್ಣೆ ತೀರಾ ಶುದ್ಧವಾದ್ದರಿಂದ ಹಳೆಯ ಸೀಲುಗಳು ಕುಗ್ಗಿ ಸೋರಬಹುದು.

ಇದೆಲ್ಲ ಕೇಳಿದ ಮಾವ, ಬೆರೆಸಿದ ಮೇಲೆ ಅದಕ್ಕೆ ಬೇರೆ ಬೌಸರ್ ಬೇಕೇನೋ ಎಂದು ಕೇಳಿದರು. ಬೇಡ, ಬೆರೆಸಿ ಪರೀಕ್ಷೆ ಪಾಸಾದ ಮೇಲೆ ಅದನ್ನೂ ಜೆಟ್ ಎ-1 ಎಂದೇ ಪರಿಗಣಿಸುತ್ತಾರೆ, ಅದೇ ಕೊಳವೆ, ಅದೇ ಟ್ಯಾಂಕು ಎಂದೆ.

"ಹಾಗಾದ್ರೆ ಬೊಂಡ ಕರೆದ ಎಣ್ಣೇನಾದ್ರೂ ತರಲಿ, ಬಾವಿಯಿಂದ ತೆಗೆದಿದ್ದಾದ್ರೂ ತರಲಿ" ಎಂದರು. "ಸ್ಯಾಂಪಲ್ ಜಾರಲ್ಲಿ ನೀರು ಇದೆಯೋ ಇಲ್ವೋ, ಅಷ್ಟು ಹೇಳು."